ಪಾಸು ಕೈಯಲ್ಲಿದೆ, ಬಸ್ಸಿನಲ್ಲಿ ಜಾಗವಿಲ್ಲ



ಕೃಷ್ಣಾ ತೀರದ ಹಳ್ಳಿಗಳಲ್ಲಿ, ಅದು ಅಥಣಿ ರಾಯಬಾಗಗಳ ಕಡೆಯಾಗಿರಲಿ, ಗಡಿಯಾಚೆಯ ಶಿರೋಳ ಮಿರಜಗಳ ಕಡೆಯಾಗಿರಲಿ, ಶಾಲೆಯಿರುವ ದಿನದ ಬೆಳಿಗ್ಗೆ ಒಂದೇ ಬಗೆಯ ನೋಟ ಕಾಣಸಿಗುತ್ತದೆ. ನಿಲ್ದಾಣದಲ್ಲಿ ಚೀಲ ಹೆಗಲಿಗೇರಿಸಿಕೊಂಡ ಇಪ್ಪತ್ತು ಮೂವತ್ತು ಮಕ್ಕಳು. ದೂರದಿಂದ ಬಸ್ಸು ಬರುತ್ತದೆ. ಬಾಗಿಲಲ್ಲಿ ಆಗಲೇ ಜನ ಜೋತುಬಿದ್ದಿದ್ದಾರೆ. ಚಾಲಕನು ನಿಲ್ದಾಣವನ್ನು ದಾಟಿ ನೂರು ಮಾರು ಮುಂದೆ ಹೋಗಿ ನಿಲ್ಲಿಸುತ್ತಾನೆ. ಇಳಿಯುವವರು ಇಳಿಯುತ್ತಾರೆ. ಮಕ್ಕಳು ಓಡಿ ಬಂದು ತಲುಪುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಹಿಂದುಳಿದ ಮಕ್ಕಳ ಕಿಸೆಯಲ್ಲಿ ಸರ್ಕಾರದ ಪಾಸು ಇದ್ದೇ ಇರುತ್ತದೆ. ಮುಂದಿನ ಬಸ್ಸಿಗೆ ಕಾದವರು ಎರಡನೆಯ ಪಾಠದ ವೇಳೆಗೆ ಶಾಲೆ ಸೇರುತ್ತಾರೆ. ಕೆಲವರು ಮನೆಗೆ ಮರಳುತ್ತಾರೆ. ಹೀಗೆ ವಾರಕ್ಕೆರಡು ಬಾರಿ ಮರಳಿದ ಹೆಣ್ಣುಮಗಳ ತಂದೆ ಮೂರನೆಯ ವಾರ ಏನು ಯೋಚಿಸುತ್ತಾನೆಂಬುದನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ.

ದೂರದ ಸಮಸ್ಯೆ ಹೊಸದಲ್ಲ. ನೂರು ವರ್ಷಗಳ ಹಿಂದೆ ಅದಕ್ಕೆ ಸಮಾಜ ಕಂಡುಕೊಂಡಿದ್ದ ಉತ್ತರ ಬೋರ್ಡಿಂಗು. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿಗಳಲ್ಲಿ ವಿದ್ಯಾರ್ಥಿ ನಿಲಯಗಳನ್ನು ಕಟ್ಟಿದ್ದು ಹಳ್ಳಿಯ ಹುಡುಗನಿಗೂ ಊರಿನ ಶಾಲೆಗೂ ನಡುವಿನ ಹರದಾರಿಗಳನ್ನು ಅಳಿಸುವುದಕ್ಕಾಗಿಯೇ. ಕುಂಭೋಜದಲ್ಲಿ ಹುಟ್ಟಿದ ಭಾವೂರಾವ್ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದವರು. ಅಸ್ಪೃಶ್ಯ ಮಕ್ಕಳ ವಸತಿ ನಿಲಯದ ಉದ್ಘಾಟನೆಗೆ ಹೋಗಿಬಂದು, ಮೈಲಿಗೆ ಕಳೆಯುವ ಸ್ನಾನಕ್ಕೆ ಒಪ್ಪದ ಕಾರಣ ಅಲ್ಲಿಂದ ಹೊರಬಿದ್ದವರೂ ಅವರೇ. 1919ರಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. 1924ರಲ್ಲಿ ಸಾತಾರಾದಲ್ಲಿ ತೆರೆದ ನಿಲಯದಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡರು. ಆ ಮಕ್ಕಳ ಊಟಕ್ಕಾಗಿ ಪತ್ನಿ ಲಕ್ಷ್ಮೀಬಾಯಿಯವರು ಮಂಗಳಸೂತ್ರವನ್ನೂ ಕೊಟ್ಟ ಸಂಗತಿ ಆ ಸೀಮೆಯಲ್ಲಿ ಮನೆಮಾತಾಗಿದೆ.

ಈ ಹಳೆಯ ಕಥೆಯನ್ನು ನೆನೆಯಲು ಒಂದು ಕಾರಣವಿದೆ. ಬೋರ್ಡಿಂಗಿನಲ್ಲಿ ಹಾಸಿಗೆಗಳನ್ನು ಎಣಿಸಬಹುದು. ನಲವತ್ತು ಹಾಸಿಗೆಗಳಿದ್ದಲ್ಲಿಗೆ ನಲವತ್ತೊಂದನೆಯ ಹುಡುಗ ಬಂದು ನಿಂತರೆ ಯಾರಾದರೊಬ್ಬರು ಅವನ ಮುಖ ನೋಡಿ ಉತ್ತರ ಹೇಳಲೇಬೇಕಿತ್ತು. ಬಸ್ಸಿನ ವ್ಯವಸ್ಥೆಯಲ್ಲಿ ನಲವತ್ತೊಂದನೆಯವನಿಗೆ ಉತ್ತರ ಹೇಳುವವರೇ ಇಲ್ಲ. ಅವನು ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ.

ಕಾನೂನಿನಿಂದ ಆರಂಭಿಸೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅಡಿಯಲ್ಲಿ ರೂಪುಗೊಂಡ ಮಾದರಿ ನಿಯಮಗಳು ಐದನೆಯ ತರಗತಿಯವರೆಗೆ 1 ಕಿಲೋಮೀಟರಿನೊಳಗೆ, ಎಂಟನೆಯವರೆಗೆ 3 ಕಿಲೋಮೀಟರಿನೊಳಗೆ ಶಾಲೆ ಇರಬೇಕೆನ್ನುತ್ತವೆ. ಶಾಲೆಯಿಲ್ಲದ ಸಣ್ಣ ಜನವಸತಿಗಳ ಮಕ್ಕಳಿಗೆ ಉಚಿತ ಸಾರಿಗೆಯನ್ನೋ ವಸತಿಯನ್ನೋ ಸರ್ಕಾರ ಒದಗಿಸಬೇಕು. ಆದರೆ ಕಾಯ್ದೆಯ ಹಕ್ಕು 14 ವರ್ಷಕ್ಕೆ ಮುಗಿಯುತ್ತದೆ. ದೂರ ನಿಜವಾಗಿ ಬೆಳೆಯುವುದು ಅಲ್ಲಿಂದಲೇ. ಪ್ರಾಥಮಿಕ ಶಾಲೆ ಊರೊಳಗಿರುತ್ತದೆ, ಪ್ರೌಢಶಾಲೆ ಹೋಬಳಿಯಲ್ಲಿ, ಪದವಿಪೂರ್ವ ಕಾಲೇಜು ತಾಲೂಕು ಕೇಂದ್ರದಲ್ಲಿ. ಮಗು ಬೆಳೆದಂತೆ ಶಾಲೆ ದೂರ ಸರಿಯುತ್ತದೆ, ಕಾನೂನು ಹಿಂದೆಯೇ ಉಳಿಯುತ್ತದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸಾರಿಗೆ ಭತ್ಯೆಯಾಗಿ ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ 6000 ರೂಪಾಯಿಗಳವರೆಗೆ ಅವಕಾಶವಿದೆ. ಅದನ್ನು 220 ಶಾಲಾ ದಿನಗಳಿಗೆ ಹಂಚಿದರೆ ದಿನಕ್ಕೆ 27 ರೂಪಾಯಿ ಆಗುತ್ತದೆ. ಆ ಹಣಕ್ಕೆ ತೋಟದ ವಸ್ತಿಯಿಂದ ಹೋಗಿಬರಲು ಆಟೋ ಸಿಕ್ಕುವುದೇ ಎಂಬುದನ್ನು ಊರಿನ ಸಂಪರ್ಕ ಇಟ್ಟುಕೊಂಡವರು ಬಲ್ಲರು.

ಆದ್ದರಿಂದ ಗ್ರಾಮೀಣ ವಿದ್ಯಾರ್ಥಿಯ ಪಾಲಿಗೆ ಶಾಲಾ ಬಸ್ಸು ಎಂದರೆ ಸಾರಿಗೆ ನಿಗಮದ ಬಸ್ಸೇ. ಕರ್ನಾಟಕದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ 150 ರೂಪಾಯಿ, ಪ್ರೌಢಶಾಲೆಯ ಹುಡುಗರಿಗೆ 750 ರೂಪಾಯಿ, ಕಾಲೇಜಿನವರಿಗೆ 1050 ರೂಪಾಯಿ, ಇಷ್ಟಕ್ಕೆ ಹತ್ತು ತಿಂಗಳ ಪಾಸು ಎಂಬ ದರಗಳು ಹಲವು ವರ್ಷ ನಡೆದು ಬಂದಿವೆ. ಉಳಿದ ಭಾರವನ್ನು ಸರ್ಕಾರವೂ ನಿಗಮಗಳೂ ಹೊರುತ್ತವೆ. ಮಹಾರಾಷ್ಟ್ರದ ಎಸ್.ಟಿ.ಯಲ್ಲಿ ವಿದ್ಯಾರ್ಥಿಗಳು ದರದ ಮೂರನೆಯ ಒಂದು ಭಾಗವನ್ನಷ್ಟೇ ಕೊಡುತ್ತಾರೆ. ಅಹಿಲ್ಯಾಬಾಯಿ ಹೋಳ್ಕರರ ಹೆಸರಿನ ಯೋಜನೆಯಲ್ಲಿ ಗ್ರಾಮೀಣ ಹೆಣ್ಣುಮಕ್ಕಳಿಗೆ ಹನ್ನೆರಡನೆಯ ತರಗತಿಯವರೆಗೆ ಪಾಸು ಸಂಪೂರ್ಣ ಉಚಿತ. ಇವೆಲ್ಲ ಸಣ್ಣ ಕೆಲಸಗಳಲ್ಲ. ಪಾಸಿನ ಔದಾರ್ಯದಲ್ಲಿ ಎರಡೂ ರಾಜ್ಯಗಳನ್ನು ದೂಷಿಸುವಂತಿಲ್ಲ.

ದೋಷವಿರುವುದು ಬೇರೆಡೆ. 2023ರ ಮಾರ್ಚ್ 17ರಿಂದ ಎಸ್.ಟಿ. ಬಸ್ಸುಗಳಲ್ಲಿ ಮಹಿಳೆಯರಿಗೆ ಅರ್ಧ ದರವಾಯಿತು. ಅದೇ ವರ್ಷ ಜೂನ್ 11ರಿಂದ ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂದಿತು. 2025ರ ಜುಲೈ ವೇಳೆಗೆ ಶಕ್ತಿಯ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಇದರ ನಡುವೆ ಎಂಟನೆಯ ತರಗತಿಯವರಿಗೆ 2006-07ರಿಂದ ಸೈಕಲ್ ಕೊಡುತ್ತಿದ್ದ ಕರ್ನಾಟಕದ ಯೋಜನೆಯೂ ಕೋವಿಡ್ ಬಳಿಕ ನಿಂತುಹೋಗಿತ್ತು. ಸೈಕಲ್ ಇಲ್ಲದ ಮಗು ಬಸ್ಸಿಗೇ ಬರಬೇಕು. ಹೀಗೆ ಎಲ್ಲ ದಿಕ್ಕುಗಳಿಂದಲೂ ಬೇಡಿಕೆ ಏರಿತು. ಬೆಳಿಗ್ಗೆ ಎಂಟರಿಂದ ಹತ್ತರ ನಡುವೆ ಹಳ್ಳಿಯ ಮಾರ್ಗದಲ್ಲಿ ಓಡುವ ಬಸ್ಸುಗಳು ಮಾತ್ರ ಅದೇ ಪ್ರಮಾಣದಲ್ಲಿ ಏರಲಿಲ್ಲ.

ಇಲ್ಲಿ ಕೆಲವರು ತಟ್ಟನೆ ಹೆಂಗಸರತ್ತ ಬೆರಳು ತೋರುತ್ತಾರೆ. ಪುಕ್ಕಟೆ ತಿರುಗಾಟದಿಂದ ಮಕ್ಕಳಿಗೆ ಜಾಗವಿಲ್ಲವಾಯಿತೆಂಬ ಮಾತು ಮದುವೆ ಮಂಟಪಗಳಲ್ಲಿಯೂ ಕೇಳಿಬರುತ್ತದೆ. ಇದು ಅನ್ಯಾಯದ ಮಾತು. ಕೂಲಿಗೆ, ಆಸ್ಪತ್ರೆಗೆ, ಸಂತೆಗೆ ಹೋಗುವ ತಾಯಿಯೂ ಓದಲು ಹೋಗುವ ಮಗಳೂ ಒಂದೇ ಮೆಟ್ಟಿಲಿಗಾಗಿ ತಳ್ಳಾಡಬೇಕಾಗಿ ಬಂದರೆ ತಪ್ಪು ಮೆಟ್ಟಿಲು ಒಂದೇ ಇಟ್ಟವರದು. ರಿಯಾಯಿತಿಯನ್ನು ಘೋಷಿಸಲು ಒಂದು ದಿನ ಸಾಕು. ಬಸ್ಸು ಕೊಳ್ಳಲು, ಚಾಲಕರನ್ನು ನೇಮಿಸಲು ವರ್ಷಗಳು ಬೇಕು. ಘೋಷಣೆಗೆ ಚಪ್ಪಾಳೆಯಿದೆ, ನೇಮಕಾತಿಗೆ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದ ಒಂದು ಸಂಗತಿಯನ್ನು ಗಮನಿಸಬೇಕು. ಶೂನ್ಯ ಟಿಕೆಟ್ ಪಡೆದು ಹೆಣ್ಣುಮಗಳು ಹತ್ತಿದಾಗ ಆ ಟಿಕೆಟಿನ ಮೌಲ್ಯ ಸರ್ಕಾರದ ಲೆಕ್ಕಕ್ಕೆ ಸೇರುತ್ತದೆ. ಪಾಸಿನ ಹುಡುಗ ಹತ್ತಿದರೂ ಅಷ್ಟೇ, ಹತ್ತದಿದ್ದರೂ ಅಷ್ಟೇ. ಅವನ ಹಣ ಜೂನ್ ತಿಂಗಳಲ್ಲಿಯೇ ಸಂದಾಯವಾಗಿದೆ. ಅವನನ್ನು ಬಿಟ್ಟುಹೋದರೆ ಯಾರಿಗೂ ಒಂದು ಪೈಸೆಯ ನಷ್ಟವಿಲ್ಲ. ಚಾಲಕ ನಿರ್ವಾಹಕರನ್ನು ಕ್ರೂರಿಗಳೆಂದು ಬಯ್ಯುವುದು ಸುಲಭ. ಆದರೆ ಮಗುವನ್ನು ಬಿಟ್ಟುಹೋಗುವುದಕ್ಕೆ ಬೆಲೆಯೇ ಇಲ್ಲದಂತೆ ಲೆಕ್ಕ ಬರೆದವರು ಖಾಕಿ ತೊಟ್ಟವರಲ್ಲ.

ಬಸ್ಸನ್ನೇ ಮಕ್ಕಳಿಗೆಂದು ಮೀಸಲಿಟ್ಟ ಒಂದು ಪ್ರಯೋಗ ಮಹಾರಾಷ್ಟ್ರದಲ್ಲಿದೆ. ಮುಂಬಯಿ ಪುಣೆಗಳಲ್ಲಿ ನೆಲೆಸಿದವರಿಗೆ ಅದರ ಪರಿಚಯ ಕಡಿಮೆ, ಏಕೆಂದರೆ ಆ ನೀಲಿ ಬಸ್ಸುಗಳು ನಗರಕ್ಕೆ ಬರುವುದಿಲ್ಲ. ಮಾನವ ವಿಕಾಸ ಕಾರ್ಯಕ್ರಮದಲ್ಲಿ ಹಿಂದುಳಿದ 125 ತಾಲೂಕುಗಳನ್ನು ಆರಿಸಿ, ಎಂಟರಿಂದ ಹನ್ನೆರಡನೆಯ ತರಗತಿಯ ಹೆಣ್ಣುಮಕ್ಕಳಿಗಾಗಿ ತಾಲೂಕಿಗೆ ಏಳರಂತೆ ಎಸ್.ಟಿ. ಬಸ್ಸುಗಳನ್ನು ಸರ್ಕಾರದ ವೆಚ್ಚದಲ್ಲಿ ಒದಗಿಸಲಾಗಿದೆ. ಇಲ್ಲಿ ಹೊಸತು ಬಣ್ಣವಲ್ಲ, ವೇಳೆ. ಶಾಲೆಯ ಗಂಟೆ ನೋಡಿ ಬಸ್ಸು ಹೊರಡುತ್ತದೆ. ಮಾರುಕಟ್ಟೆಯ ವೇಳೆ ನೋಡಿ ಹೊರಟ ಬಸ್ಸಿಗೆ ಶಾಲೆ ಹೊಂದಿಕೊಳ್ಳಬೇಕಾಗಿಲ್ಲ. ಆದರೆ ಒಂದು ತಾಲೂಕಿನಲ್ಲಿ ನೂರಾರು ವಸ್ತಿಗಳು, ಬಸ್ಸುಗಳು ಏಳು. 2021ರ ಅಕ್ಟೋಬರ್ ಕೊನೆಯಲ್ಲಿ ಆರಂಭವಾದ ಎಸ್.ಟಿ. ಮುಷ್ಕರ ಮರುವರ್ಷದ ಏಪ್ರಿಲ್ ವರೆಗೆ ಎಳೆದಾಗ ಬಸ್ಸನ್ನೇ ನಂಬಿದ ಮಕ್ಕಳಿಗೆ ಬೇರೆ ದಾರಿ ಇರಲಿಲ್ಲ. ಕೊರೋನಾದಿಂದ ಮುಚ್ಚಿದ್ದ ಶಾಲೆ ತೆರೆದ ಹೊತ್ತಿಗೆ ಬಸ್ಸು ನಿಂತಿತ್ತು.

ಇಂಥ ಏಳು ಬಸ್ಸುಗಳ ಭರವಸೆಯ ಮೇಲೆ ಶಾಲೆಗಳನ್ನು ಮುಚ್ಚುವ ಆಲೋಚನೆ ಬಂದಾಗ ಎಚ್ಚರವಾಗಬೇಕು. 2023ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಶಿಕ್ಷಣ ಇಲಾಖೆ ಇಪ್ಪತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಸಮೂಹ ಶಾಲೆಗಳಲ್ಲಿ ಸೇರಿಸುವ ಪ್ರಸ್ತಾವಗಳನ್ನು ಕೇಳಿತು. ಅಂಥ ಶಾಲೆಗಳು 14,783, ಅವುಗಳಲ್ಲಿ ಮಕ್ಕಳು 1.85 ಲಕ್ಷ. ಪುಣೆ ಜಿಲ್ಲೆಯ ಪಾನಶೇತ, ನಂದುರಬಾರದ ತೋರಣಮಾಳಗಳನ್ನು ಮಾದರಿಯೆಂದು ತೋರಿಸಲಾಯಿತು. ಒಬ್ಬರೇ ಶಿಕ್ಷಕರು ನಾಲ್ಕು ತರಗತಿ ನಡೆಸುವ ಶಾಲೆಗಿಂತ ಗ್ರಂಥಾಲಯ, ಆಟದ ಬಯಲು, ವಿಷಯಕ್ಕೊಬ್ಬ ಶಿಕ್ಷಕರಿರುವ ಶಾಲೆ ಮೇಲೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೂ ಈ ವಿನಿಮಯದ ಎರಡು ತಕ್ಕಡಿಗಳು ಸಮವಲ್ಲ. ಮುಚ್ಚಿದ ಶಾಲೆ ಮತ್ತೆ ತೆರೆಯುವುದಿಲ್ಲ, ಬಸ್ಸಿನ ಹಣ ವರ್ಷವರ್ಷವೂ ಮಂಜೂರಾಗಬೇಕು. ಶಾಲೆ ಹೋಗುವುದು ಶಾಶ್ವತವಾಗಿ, ಬಸ್ಸು ಬರುವುದು ಮಾರ್ಚ್ 31ರವರೆಗೆ. ಬಸ್ಸಿನ ಜಾಗವನ್ನು ಹಕ್ಕೆಂದು ಬರೆದುಕೊಡದೆ ಶಾಲೆಯ ಬಾಗಿಲು ಮುಚ್ಚುವ ಯಾವ ಸರ್ಕಾರವನ್ನೂ, ಅದು ಯಾವ ಪಕ್ಷದ್ದಾಗಿರಲಿ, ಒಪ್ಪಬಾರದು.

ದೂರ ಕಡಿಮೆಯಾದರೆ ಏನಾಗುತ್ತದೆಂಬುದಕ್ಕೆ ಬಿಹಾರದ ಸಾಕ್ಷ್ಯವಿದೆ. ಅಲ್ಲಿ 2006ರಲ್ಲಿ ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ ಕೊಡಲಾರಂಭಿಸಿದರು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ನಡೆಸಿದ ಅಧ್ಯಯನದಂತೆ ಪ್ರೌಢಶಾಲೆಗೆ ಸಕಾಲದಲ್ಲಿ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತು, ಹುಡುಗ ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಇಳಿಯಿತು. ಪಠ್ಯ ಬದಲಾಗಲಿಲ್ಲ, ಶಿಕ್ಷಕರು ಬದಲಾಗಲಿಲ್ಲ, ಬದಲಾದದ್ದು ದಾರಿ. ಕೃಷ್ಣಾ ತೀರದಲ್ಲಿ ಸೈಕಲ್ಲೊಂದೇ ಸಾಲದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರುಗಳ ಪಕ್ಕದಲ್ಲಿ ಹದಿಮೂರರ ಹುಡುಗಿಯನ್ನು ಸೈಕಲ್ ಮೇಲೆ ಕಳಿಸಲು ಯಾವ ತಾಯಿಯ ಮನಸ್ಸೂ ಒಪ್ಪದು. ಅಲ್ಲಿ ಬಸ್ಸೇ ಬೇಕು.

ಇನ್ನು ಸಮಾಜದ ಸಂಸ್ಥೆಗಳ ಕಡೆ ನೋಡಬೇಕು. ಬೋರ್ಡಿಂಗ್ ಕಟ್ಟಿದವರ ಮೊಮ್ಮಕ್ಕಳು ಇಂದು ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನು ನಡೆಸುತ್ತಿದ್ದಾರೆ. ಅವುಗಳ ಹಳದಿ ಬಸ್ಸುಗಳು ಅದೇ ನಿಲ್ದಾಣದ ಮುಂದೆ, ಅದೇ ಹೊತ್ತಿಗೆ, ಖಾಲಿ ಆಸನಗಳನ್ನಿಟ್ಟುಕೊಂಡು ಹಾದುಹೋಗುವುದುಂಟು. ನಿಂತು ಹತ್ತಿಸಿಕೊಳ್ಳಬಾರದೇ ಎಂದು ಯಾರಾದರೂ ಕೇಳಬಹುದು. ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಶಿಕ್ಷಣ ಸಂಸ್ಥೆಯ ಬಸ್ಸು ಆ ಸಂಸ್ಥೆಯ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಮಾತ್ರ. ಪಕ್ಕದ ಸರ್ಕಾರಿ ಶಾಲೆಯ ಮಗುವನ್ನು ಹತ್ತಿಸಿಕೊಂಡರೆ ಪರವಾನಗಿಯ ಉಲ್ಲಂಘನೆಯಾಗುತ್ತದೆ, ಅಪಘಾತವಾದರೆ ವಿಮೆಯ ಪ್ರಶ್ನೆ ಏಳುತ್ತದೆ. ಕಾನೂನಿನ ಈ ಅಡ್ಡಗೋಡೆ ನಿಜವಾದದ್ದು. ಆದರೆ ಅದನ್ನು ತೆಗೆಸಲು ಎಷ್ಟು ಟ್ರಸ್ಟುಗಳು ಅರ್ಜಿ ಬರೆದಿವೆ? ಭೂಮಿಗಾಗಿ, ಮಾನ್ಯತೆಗಾಗಿ, ಅಲ್ಪಸಂಖ್ಯಾತ ಸ್ಥಾನಮಾನಕ್ಕಾಗಿ ವಿಧಾನಸೌಧದ ಮೆಟ್ಟಿಲು ಹತ್ತಿಳಿದ ಕಾಲುಗಳು ಈ ಒಂದು ಖಾಲಿ ಆಸನಕ್ಕಾಗಿ ಹತ್ತಿದ್ದನ್ನು ಯಾರೂ ಹೇಳುವುದಿಲ್ಲ. ಸಾತಾರಾದ ಪಂಕ್ತಿಯಲ್ಲಿ ಎಲ್ಲರೂ ಜೊತೆಗೆ ಉಂಡರೆಂದು ಹೆಮ್ಮೆಪಡುವ ಸಮಾಜದ ಬಸ್ಸಿನಲ್ಲಿ ಎಲ್ಲರೂ ಜೊತೆಗೆ ಕೂರಲು ಎಡೆಯಿಲ್ಲವೆಂಬುದು ಸಣ್ಣ ವಿಷಯವಲ್ಲ.

ಆಗಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಪ್ರತಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಬಳಿ ಮಕ್ಕಳ ಊರುಗಳ ಪಟ್ಟಿ ಇದೆ. ಡಿಪೋದ ವ್ಯವಸ್ಥಾಪಕರ ಬಳಿ ಮಾರ್ಗಗಳ ಪಟ್ಟಿ ಇದೆ. ಎರಡೂ ಪಟ್ಟಿಗಳು ಒಂದೇ ಮೇಜಿನ ಮೇಲೆ ಬಂದರೆ ಯಾವ ನಿಲ್ದಾಣದಲ್ಲಿ ಎಷ್ಟು ಮಕ್ಕಳು, ಅಲ್ಲಿಗೆ ಬರುವ ಹೊತ್ತಿಗೆ ಬಸ್ಸಿನಲ್ಲಿ ಎಷ್ಟು ಜಾಗ ಎಂಬುದು ಒಂದು ಮಧ್ಯಾಹ್ನದಲ್ಲಿ ತಿಳಿದುಹೋಗುತ್ತದೆ. ಶಾಲೆಗೆ ತಡವಾಗಿ ಬಂದ ಮಗುವಿನ ಹೆಸರಿನ ಮುಂದೆ ಕಾರಣದ ಜಾಗದಲ್ಲಿ ‘ಬಸ್ಸು ನಿಲ್ಲಲಿಲ್ಲ’ ಎಂದು ಬರೆಯುವ ಪದ್ಧತಿ ಬಂದರೆ, ಇಂದು ಯಾವ ಕಡತದಲ್ಲಿಯೂ ಇಲ್ಲದ ಆ ನಲವತ್ತೊಂದನೆಯ ಮಗು ಮೊದಲ ಬಾರಿಗೆ ಲೆಕ್ಕಕ್ಕೆ ಬರುತ್ತದೆ. ಹೆಚ್ಚುವರಿ ಬಸ್ಸು ಕೇಳುವ ಶಾಸಕರ ಕೈಯಲ್ಲಿ ಆಗ ಮನವಿಪತ್ರದ ಬದಲು ಅಂಕಿಯಿರುತ್ತದೆ.

ಈ ಸಭೆಯಲ್ಲಿರುವ ಅನೇಕರಿಗೆ ಊರಿನಲ್ಲಿ ಹೊಲವಿದೆ, ಬಸದಿಯ ಆಡಳಿತ ಮಂಡಳಿಯಲ್ಲಿ ಸ್ಥಾನವಿದೆ, ಬೇಸಿಗೆಯಲ್ಲಿ ಹೋಗಿಬರುವ ರೂಢಿಯೂ ಇದೆ. ಕರ್ನಾಟಕದ ಶಾಲೆಗಳು ಮೇ ಕೊನೆಯಲ್ಲಿ ತೆರೆಯುತ್ತವೆ, ಮಹಾರಾಷ್ಟ್ರದವು ಜೂನ್ ನಡುವಿನಲ್ಲಿ. ಆ ಎರಡು ಪಟ್ಟಿಗಳನ್ನು ಒಂದು ಮೇಜಿಗೆ ತರಲು ಇರುವ ಸಮಯ ಅದಕ್ಕಿಂತ ಮುಂಚಿನದು.