ಗಾಲ್ಫೂ ನಮ್ಮ ಶಾಲೆಯ ಮೈದಾನವೂ



ಗಾಲ್ಫ್ ಬಗ್ಗೆ ಮಾತಾಡುತ್ತೇನೆ ಎಂದಾಗ ಗೆಳೆಯರು ನಕ್ಕರು. ತ್ಯಾಮಗೊಂಡ್ಲಿಗೂ ಗಾಲ್ಫಿಗೂ ಏನು ಸಂಬಂಧ, ಅಲ್ಲವೆ?

ಬೆಂಗಳೂರಿನ ಅದಿತಿ ಅಶೋಕ್ ಐದನೇ ವಯಸ್ಸಿಗೇ ಆಟ ಶುರು ಮಾಡಿದವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂದೆ, ಟೋಕಿಯೊದಲ್ಲಿ ತಾಯಿ ಅವರ ಗಾಲ್ಫ್ ಚೀಲ ಹೊತ್ತರು. 2021ರ ಆಗಸ್ಟ್ 7ರ ಶನಿವಾರ, ಆಟದ ನಿಯಮವೇ ಗೊತ್ತಿಲ್ಲದ ನಾನೂ ಟಿವಿ ಮುಂದೆ ಕೂತಿದ್ದೆ. ಒಂದೇ ಹೊಡೆತದಲ್ಲಿ ಕಂಚು ತಪ್ಪಿ, ನಾಲ್ಕನೇ ಸ್ಥಾನ.

ಸರ್ಕಾರದ ಹಣ ಪಡೆಯುವ ಶಾಲೆ, ಕಾಲೇಜುಗಳು ಗಂಡು ಹೆಣ್ಣೆಂದು ಭೇದ ಮಾಡಬಾರದೆಂದು ಅಮೆರಿಕದಲ್ಲಿ 1972ರಲ್ಲೇ ಕಾನೂನು ಬಂತು. ಆಟಕ್ಕೂ ಅದು ಅನ್ವಯ. ಅಲ್ಲಿ ಸಣ್ಣ ಕಾಲೇಜಿನಲ್ಲೂ ಪುರುಷರದೊಂದು, ಮಹಿಳೆಯರದೊಂದು ಗಾಲ್ಫ್ ತಂಡ ಇರುವುದುಂಟು.

ನಮ್ಮ ಕಾಲದಲ್ಲಿ? ಸಂಜೆ ಆಟಕ್ಕೆ ಬಿಟ್ಟರೆ ಇಡೀ ಮೈದಾನ ಹುಡುಗರಾದ ನಮ್ಮದೇ. ಹುಡುಗಿಯರು ಜಗಲಿಯಲ್ಲಿ ಕೂತು ನಮ್ಮ ಸ್ವೆಟರ್, ವಾಚು ಕಾಯುತ್ತಿದ್ದರು. ನನಗಿಂತ ಜೋರಾಗಿ ಓಡುತ್ತಿದ್ದ ನಮ್ಮಕ್ಕನೂ ಅಲ್ಲೇ. ಒಂದು ದಿನ ಬ್ಯಾಟು ಕೇಳಿದಳು. ನಾನು ಕೊಡಲಿಲ್ಲ. ಅಕ್ಕ ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾಳೆ, ಹೇಳೋಕೆ ಸ್ವಲ್ಪ ಭಯ.

ನಮ್ಮ ಬ್ಯಾಚಿನವರು ಬಾಲಕಿಯರಿಗೆಂದು ಕ್ರಿಕೆಟ್ ಕಿಟ್ ತಂದಿದ್ದೇವೆ. ವಾರಕ್ಕೆ ಮೂರು ಸಂಜೆ ಮೈದಾನ ಅವರಿಗೇ ಬಿಡಿ ಎಂದು ಪಿ.ಟಿ. ಮೇಷ್ಟ್ರನ್ನು ಕೇಳಿಕೊಂಡಿದ್ದೇನೆ. ಕಾರ್ಯಕ್ರಮ ಮುಗಿದ ಮೇಲೆ ಮೊದಲ ಬ್ಯಾಟಿಂಗ್ ಅಕ್ಕನದು, ಚೆಂಡು ಹಾಕುವವನು ನಾನು.