ಮಕ್ಕಳ ಆಟದ ಸಾಮಾನು

ದಸರೆಯ ಬೊಂಬೆ ಬೇರೆ, ಆಟದ ಬೊಂಬೆ ಬೇರೆ. ಪಟ್ಟದ ಬೊಂಬೆಗಳನ್ನು ನವರಾತ್ರಿಯಲ್ಲಿ ಮೆಟ್ಟಲುಗಳ ಮೇಲೆ ಕೂರಿಸಿ, ಹಬ್ಬ ಮುಗಿದೊಡನೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅವು ನೋಡುವುದಕ್ಕಾಗಿ ಇರತಕ್ಕವು. ಆಟದ ಬೊಂಬೆಯಾದರೋ ಮಗುವಿನ ಕೈಯಲ್ಲಿ ಉರುಳಿ, ಬಿದ್ದು, ಸವೆಯುವುದಕ್ಕೆಂದೇ ಹುಟ್ಟಿದ್ದು. ಪಟ್ಟಣವಾಸಿಗಳಾದ ನಾವು ಈ ಭೇದವನ್ನು ಮರೆಯುತ್ತಿದ್ದೇವೆಯೋ ಏನೋ ಎಂಬ ಶಂಕೆ ನನಗುಂಟು. ಹೆಚ್ಚು ಬೆಲೆಯ ಸಾಮಾನೊಂದನ್ನು ಕೊಂಡು ತಂದು, ಗಾಜಿನ ಬೀರುವಿನಲ್ಲಿಟ್ಟು, ಬಂದ ನೆಂಟರಿಗೆಲ್ಲ ತೋರಿಸಿ, ಮಗು ಕೈನೀಡಿದರೆ ಮಾತ್ರ "ಮುಟ್ಟಬೇಡ, ಕೆಟ್ಟುಹೋದೀತು" ಎಂದು ಗದರಿಸುವ ಮನೆಗಳು ಎಷ್ಟಿಲ್ಲ! ಅಂತಹ ಸಾಮಾನು ತಂದೆತಾಯಿಗಳ ಪ್ರತಿಷ್ಠೆಗೆ ಸೇರಿದ್ದೇ ಹೊರತು ಮಗುವಿಗೆ ಸೇರಿದ್ದಲ್ಲ.

ಹಾಗಾದರೆ ಒಳ್ಳೆಯ ಆಟದ ಸಾಮಾನು ಯಾವುದು? ಜರ್ಮನಿಯ ಫ್ರೋಬೆಲನು 1837ರಲ್ಲಿ ಶಿಶುಶಿಕ್ಷಣದ ಸಂಸ್ಥೆಯೊಂದನ್ನು ತೆರೆದನು. ಮಕ್ಕಳಿಗೆಂದು ಅವನು ಗೊತ್ತುಮಾಡಿದ ಮೊದಲನೆಯ ಉಡುಗೊರೆ ಬಣ್ಣಬಣ್ಣದ ಉಣ್ಣೆಯ ಚೆಂಡುಗಳು; ಎರಡನೆಯದು ಮರದಿಂದ ಮಾಡಿದ ಗೋಳ, ಘನ ಮತ್ತು ಉರುಳೆ. ಇಷ್ಟು ಸರಳವಾದ ವಸ್ತುಗಳನ್ನು ಆರಿಸುವುದಕ್ಕೆ ತತ್ತ್ವಜ್ಞಾನಿಯೊಬ್ಬನು ಬೇಕಾಗಿತ್ತೆ ಎಂದು ನಗು ಬರಬಹುದು. ಆದರೆ ಅದರಲ್ಲೊಂದು ಮರ್ಮವಿದೆ. ಚೆಂಡು ತಾನಾಗಿ ಏನನ್ನೂ ಮಾಡದು. ಮಾಡಬೇಕಾದುದನ್ನೆಲ್ಲ ಮಗುವೇ ಮಾಡಬೇಕು. ಕೀಲಿ ಕೊಟ್ಟರೆ ಕುಣಿಯುವ, ಗುಂಡಿ ಒತ್ತಿದರೆ ಹಾಡುವ ಬೊಂಬೆಯ ಮುಂದೆ ಮಗು ಬಹುಮಟ್ಟಿಗೆ ಪ್ರೇಕ್ಷಕನಾಗಿ ಕುಳಿತಿರುತ್ತದೆ. ಮರದ ತುಂಡುಗಳಾದರೋ ಇಂದು ಕೋಟೆ, ನಾಳೆ ರೈಲು, ನಾಡಿದ್ದು ಅಂಗಡಿ. ಮಗುವಿನ ಕಲ್ಪನೆಗೆ ಕೆಲಸವನ್ನು ಉಳಿಸಿರುವ ಸಾಮಾನೇ ಉತ್ತಮವಾದುದು.

ಎರಡನೆಯ ಲಕ್ಷಣ ನಿರಪಾಯ. ಇದು ರುಚಿಯ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. ಎಳೆಯ ಮಗು ಲೋಕವನ್ನು ಬಾಯಿಂದಲೇ ಪರೀಕ್ಷಿಸುತ್ತದೆ. 3 ವರ್ಷ ತುಂಬದ ಮಕ್ಕಳ ಸಾಮಾನಿನಲ್ಲಿ 31.7 ಮಿಲಿಮೀಟರ್ ವ್ಯಾಸದ ಗಿಡ್ಡ ಕೊಳವೆಯೊಳಗೆ ಪೂರ್ತಿಯಾಗಿ ಹಿಡಿಸುವಂತಹ ಬಿಡಿಭಾಗ ಇರಕೂಡದೆಂಬುದು ಪರೀಕ್ಷಕರ ನಿಯಮ, ಅಂತಹುದು ಉಸಿರುಗಟ್ಟಿಸಬಲ್ಲದು. ಗುಂಡಿಯಾಕಾರದ ಸಣ್ಣ ಬ್ಯಾಟರಿ ಇನ್ನೂ ಭಯಂಕರ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಗಳೊಳಗೇ ಒಳಗನ್ನು ಸುಟ್ಟುಬಿಡಬಹುದು. ಬ್ಯಾಟರಿಯ ಮುಚ್ಚಳಕ್ಕೆ ತಿರುಪು ಇಲ್ಲದ ಸಾಮಾನನ್ನು ಅಂಗಡಿಯಲ್ಲಿಯೇ ಬಿಟ್ಟುಬನ್ನಿರಿ. ಅಗ್ಗದ ಬಣ್ಣದಲ್ಲಿ ಸೀಸ ಬೆರೆತಿರಬಹುದು. ಅದು ಮೆಲ್ಲಮೆಲ್ಲನೆ ಮಗುವಿನ ಬುದ್ಧಿಶಕ್ತಿಯನ್ನೇ ಕುಂದಿಸುತ್ತದೆ. ಆದುದರಿಂದ ಬೆರಳಿಗೆ ಅಂಟುವ, ಚಕ್ಕೆಯೇಳುವ ಬಣ್ಣ ಬೇಡ. 2021ರ ಜನವರಿಯಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಕೊಳ್ಳುವಾಗ ಅದನ್ನು ನೋಡಬೇಕು. ನೋಂದಾಯಿತ ಕುಶಲಕರ್ಮಿಗಳು ಕೈಯಿಂದ ಮಾಡಿದ ವಸ್ತುಗಳಿಗೆ ಇದರಿಂದ ವಿನಾಯಿತಿ ಉಂಟು.

ಈ ಎರಡು ಲಕ್ಷಣಗಳೂ ಕೂಡಿರುವ ವಸ್ತುವನ್ನು ಹುಡುಕಿ ದೂರ ಹೋಗಬೇಕಾದುದಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿಯೇ ಚನ್ನಪಟ್ಟಣವಿದೆ. ಅಲ್ಲಿಯ ಕುಶಲಕರ್ಮಿಗಳು ಆಲೆಮರವನ್ನು ಚೆನ್ನಾಗಿ ಒಣಗಿಸಿ, ಯಂತ್ರದ ಮೇಲೆ ತಿರುಗಿಸಿ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜುವಿಕೆಯ ಶಾಖದಿಂದಲೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಳಿಕ ಒಣಗಿದ ಗರಿಯಿಂದ ತೀಡಿದರೆ ಕನ್ನಡಿಯಂತಹ ಹೊಳಪು! ಕುಂಚದ ಬಣ್ಣದಂತೆ ಇದು ಸುಲಭವಾಗಿ ಏಳುವುದಿಲ್ಲ. ಮೂಲೆ ಮೊನೆಗಳಿಲ್ಲದ ದುಂಡನೆಯ ರೂಪವು ಎಳೆಯ ಕೈಗೆ ಹಿತ. ಆದರೆ ಆ ಊರಿನ ಹೆಸರಿನಲ್ಲಿ ಬೇರೆ ಸರಕೂ ಮಾರಾಟವಾಗುವುದುಂಟು. ಅರಗೋ ಬಣ್ಣವೋ, ಬಣ್ಣವಾದರೆ ಎಂತಹುದು ಎಂದು ಕೇಳಿ ತಿಳಿದೇ ಕೊಳ್ಳಬೇಕು.

ಕೊಂಡ ಮೇಲೆ ಪೋಷಣೆಯ ಮಾತು. ಅರಗಿನ ಸಾಮಾನನ್ನು ನೀರಿನಲ್ಲಿ ನೆನೆಯಿಡಬಾರದು. ಬಿಸಿಲಿನಲ್ಲಿಯೂ ಒಲೆಯ ಬಳಿಯಲ್ಲಿಯೂ ಬಿಡಬಾರದು. ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು. ಜಿಡ್ಡಿದ್ದರೆ ಬಟ್ಟೆಯನ್ನು ಕೊಂಚ ಒದ್ದೆಮಾಡಿ ಒರಸಿ, ಕೂಡಲೇ ಆರಿಸಬೇಕು. ಕ್ರಿಮಿನಾಶಕವೆಂದು ಸ್ಪಿರಿಟ್ ಬೆರೆತ ದ್ರವವನ್ನು ಹಚ್ಚಿದರೆ ಅರಗೇ ಕರಗುತ್ತದೆ. ಬಟ್ಟೆಯ ಬೊಂಬೆಗಳನ್ನು ಆಗಾಗ ಒಗೆದು ಬಿಸಿಲಿಗೆ ಹಾಕಬೇಕು. ಸಿಬಿರೆದ್ದ ಮರವನ್ನು ಉಪ್ಪುಕಾಗದದಿಂದ ತಿಕ್ಕಬೇಕು. ಬಿರುಕುಬಿಟ್ಟ ಪ್ಲಾಸ್ಟಿಕ್ಕನ್ನು ಮಮತೆಯಿಲ್ಲದೆ ಎಸೆಯಬೇಕು.

ಸಾಮಾನುಗಳನ್ನೆಲ್ಲ ಒಮ್ಮೆಗೇ ಸುರಿಯದೆ, ನಾಲ್ಕೈದನ್ನು ಮಾತ್ರ ಮಗುವಿಗೆ ಎಟುಕುವ ತಗ್ಗಾದ ಗೂಡಿನಲ್ಲಿ ಇಡಿರಿ. ಆಟ ಮುಗಿದ ಮೇಲೆ ಅದೇ ಎತ್ತಿಡಲಿ. ಕಳಚಿದ ಗಾಲಿಯನ್ನು ಮಗುವಿನ ಎದುರಿಗೇ ಕುಳಿತು ಸರಿಪಡಿಸಿರಿ. ಮುರಿದುದನ್ನು ಎಸೆಯುವುದಕ್ಕೆ ಮುಂಚೆ ಸರಿಮಾಡಲು ಯತ್ನಿಸಬೇಕೆಂಬ ಪಾಠವನ್ನು ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಲಾರದು. ಹೀಗೆ ಬಾಳಿದ ಬೊಂಬೆ ಅಣ್ಣನಿಂದ ತಂಗಿಗೆ, ತಂಗಿಯಿಂದ ನೆರೆಮನೆಯ ಕೂಸಿಗೆ ಸಾಗುತ್ತದೆ. ಅದರ ಹೊಳಪು ಮಾಸಿದ್ದರೆ ಚಿಂತೆಯಿಲ್ಲ. ಆಡಿ ಮಾಸಿದ ಬೊಂಬೆಯೇ ತನ್ನ ಬೆಲೆಯನ್ನು ತೀರಿಸಿದ ಬೊಂಬೆ.