ಬೀಳುತ್ತಲೇ ಇರುವ ವಿದ್ಯೆ

(ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಪ್ರೌಢಶಾಲಾ ವಿದ್ಯಾರ್ಥಿಗಳ ಎದುರು ಹುಣಸೂರಿನಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನನ್ನು ಕರೆಯಲು ಬಂದ ಮೇಷ್ಟ್ರು ಹೇಳಿದ್ದು ಇಷ್ಟೇ: 'ಸಾರ್, ಟಿಪ್ಪುವಿನ ಕಾಲದ ರಾಕೆಟ್ಟುಗಳ ವಿಚಾರ ಮಾತಾಡಿ. ಮಕ್ಕಳಿಗೆ ಹೆಮ್ಮೆ ಬರುವ ಹಾಗಿರಲಿ.' ಒಪ್ಪಿಕೊಂಡೆ. ಆದರೆ ಆ ರಾಕೆಟ್ಟುಗಳ ಬಳಿಗೆ ಹೋಗುವ ಮೊದಲು ನನ್ನ ಮೊಮ್ಮಗಳ ಆಟವೊಂದರ ಸಂಗತಿ ಹೇಳಬೇಕು. ಏಕೆಂದರೆ ನನಗೆ ಪಾಠ ಕಲಿಸಿದ್ದು ಆ ಆಟ.

ಅವಳು ಎಂಟನೆಯ ತರಗತಿಯವಳು. ಬೇಸಿಗೆ ರಜೆಯಲ್ಲಿ ಬಂದಾಗ ಕಂಪ್ಯೂಟರಿನಲ್ಲಿ ರಾಕೆಟ್ ಕಟ್ಟುವ ಆಟ ಆಡುತ್ತಿದ್ದಳು. ಅದರ ಹೆಸರು 'ಕರ್ಬಲ್ ಸ್ಪೇಸ್ ಪ್ರೋಗ್ರಾಂ'. ಮೆಕ್ಸಿಕೊ ದೇಶದ ಸ್ಕ್ವಾಡ್ ಎಂಬ ಸಂಸ್ಥೆ 2011ರಲ್ಲಿ ಅದನ್ನು ಮೊದಲು ಜನರ ಕೈಗೆ ಕೊಟ್ಟಿತು; ಪೂರ್ಣರೂಪ ಬಂದದ್ದು 2015ರಲ್ಲಿ. ಅದನ್ನು ರೂಪಿಸಿದ ಫೆಲಿಪೆ ಫಲಾಂಗೆ ಹುಡುಗನಾಗಿದ್ದಾಗ ಪಟಾಕಿಯ ಬಾಣಗಳಿಗೆ ತೆಳು ತಗಡಿನ ಪುಟ್ಟ ಬೊಂಬೆಗಳನ್ನು ಕಟ್ಟಿ ಹಾರಿಸುತ್ತಿದ್ದನಂತೆ. ಆ ಬೊಂಬೆಗಳಿಗೆ ಅವನಿಟ್ಟ ಹೆಸರೇ ಕರ್ಬಲ್. ದೀಪಾವಳಿಯಲ್ಲಿ ಬಾಣದ ಕಡ್ಡಿಗೆ ಏನನ್ನಾದರೂ ಕಟ್ಟಿ ಹಾರಿಸಿ ಬೈಸಿಕೊಳ್ಳದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ?

ಆಟದಲ್ಲಿ ಇಂಧನದ ತೊಟ್ಟಿ, ಎಂಜಿನು, ರೆಕ್ಕೆ, ಯಾತ್ರಿ ಕೂರುವ ಗೂಡು ಇವನ್ನೆಲ್ಲ ಒಂದರ ಮೇಲೊಂದು ಜೋಡಿಸಿ ಗುಂಡಿ ಒತ್ತಬೇಕು. ಮುಂದಿನದನ್ನು ಭೌತಶಾಸ್ತ್ರದ ನಿಯಮಗಳೇ ನೋಡಿಕೊಳ್ಳುತ್ತವೆ. ಅವಳ ಮೊದಲನೆಯ ರಾಕೆಟ್ಟು ನಿಂತಲ್ಲೇ ವಾಲಿ ಬಿತ್ತು. ಎರಡನೆಯದು ಸಿಡಿಯಿತು. ಮೂರನೆಯದಕ್ಕೆ ಆಸೆಯಿಂದ ಬೇಕಾದಷ್ಟು ಇಂಧನ ತುಂಬಿದಳು. ತೂಕ ಹೆಚ್ಚಾಗಿ ಅದು ನೆಲ ಬಿಟ್ಟು ಏಳಲೇ ಇಲ್ಲ. ನಾಲ್ಕನೆಯದು ನೆಟ್ಟಗೆ ಮೇಲೇರಿತು. ಆಟದ ಗ್ರಹದಲ್ಲಿ ಗಾಳಿ 70 ಕಿಲೊಮೀಟರಿಗೆ ಮುಗಿಯುತ್ತದೆ. ಇವಳ ರಾಕೆಟ್ಟು 100 ದಾಟಿತು. 'ತಾತ, ಬಾಹ್ಯಾಕಾಶ!' ಎಂದು ಕುಣಿದಳು. ಮರುಗಳಿಗೆಯಲ್ಲಿ ರಾಕೆಟ್ಟು ನಿಧಾನವಾಯಿತು, ನಿಂತಿತು, ಹೋದ ದಾರಿಯಲ್ಲೇ ವಾಪಸು ಬಿತ್ತು. 'ಅಷ್ಟು ಮೇಲೆ ಹೋಗಿತ್ತಲ್ಲ ತಾತ, ಮತ್ತೆ ಯಾಕೆ ಬಿತ್ತು?' ಎಂದು ಕೇಳಿದಳು. ಈ ಪ್ರಶ್ನೆಗೆ ಉತ್ತರವೇ ಇಂದಿನ ನನ್ನ ಮಾತು.

ಮೇಲೆ ಹೋದರೆ ಭೂಮಿಯ ಸೆಳೆತ ಇರುವುದಿಲ್ಲ, ಆದ್ದರಿಂದ ಉಪಗ್ರಹ ಬೀಳುವುದಿಲ್ಲ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಇದು ತಪ್ಪು. ಗಗನಯಾತ್ರಿಗಳು ತೇಲಾಡುವ 400 ಕಿಲೊಮೀಟರ್ ಎತ್ತರದಲ್ಲಿಯೂ ನೆಲದ ಮೇಲಿನ ಸೆಳೆತದ ಶೇಕಡ 89ರಷ್ಟು ಇದ್ದೇ ಇದೆ. ಹಾಗಾದರೆ ಉಪಗ್ರಹ ಯಾಕೆ ಬೀಳುವುದಿಲ್ಲ? ನಿಜ ಹೇಳಬೇಕೆಂದರೆ, ಅದು ಬೀಳುತ್ತಲೇ ಇದೆ. ಆದರೆ ನೆಲ ಅದಕ್ಕೆ ಸಿಗುವುದಿಲ್ಲ.

ಇದನ್ನು ಮೊದಲು ಬಿಡಿಸಿ ಹೇಳಿದವನು ನ್ಯೂಟನ್. ಎತ್ತರದ ಬೆಟ್ಟದ ನೆತ್ತಿಯಿಂದ ಗುಂಡು ಹಾರಿಸುವ ಉದಾಹರಣೆ ಅವನದು. ನಾವು ಆ ಬೆಟ್ಟವನ್ನು ನಮ್ಮ ಬೆಟ್ಟದಪುರಕ್ಕೆ ತರೋಣ. ಸಿಡಿಲು ಮಲ್ಲಿಕಾರ್ಜುನನ ಗುಡಿಯ ಪಕ್ಕ ನಿಂತು ಒಂದು ಕಲ್ಲನ್ನು ನೆಲಕ್ಕೆ ಸಮನಾಗಿ ಎಸೆಯಿರಿ. ಅದು ಬೆಟ್ಟದ ಬುಡದಲ್ಲಿ ಬೀಳುತ್ತದೆ. ಇನ್ನೂ ಜೋರಾಗಿ ಎಸೆದರೆ ಪಿರಿಯಾಪಟ್ಟಣದ ಕಡೆ, ಮತ್ತೂ ಜೋರಾದರೆ ಹುಣಸೂರಿನ ಕಡೆ. ಹೇಗೆ ಎಸೆದರೂ ಕಲ್ಲು ಮೊದಲ ಒಂದು ಸೆಕೆಂಡಿನಲ್ಲಿ ಸುಮಾರು 5 ಮೀಟರ್ ಕೆಳಗಿಳಿಯುತ್ತದೆ. ಭೂಮಿ ದುಂಡಗಿದೆಯಲ್ಲ? ಅದರ ಮೈ 8 ಕಿಲೊಮೀಟರಿಗೆ ಸುಮಾರು 5 ಮೀಟರಿನಂತೆ ಬಾಗಿದೆ. ಅಂದರೆ ಕಲ್ಲು ಸೆಕೆಂಡಿಗೆ 8 ಕಿಲೊಮೀಟರ್ ಓಡಿದರೆ, ಅದು ಎಷ್ಟು ಬೀಳುತ್ತದೋ ನೆಲವೂ ಅಷ್ಟೇ ತಗ್ಗುತ್ತದೆ. ಗಾಳಿಯ ತಡೆ ಇಲ್ಲದಿದ್ದರೆ ಆ ಕಲ್ಲು ಭೂಮಿಯನ್ನು ಸುತ್ತಿ ನಿಮ್ಮ ಬೆನ್ನ ಹಿಂದಿನಿಂದ ಬರುತ್ತದೆ. ಹಾಗೆ ಸುತ್ತುವ ದಾರಿಯೇ ಕಕ್ಷೆ.

ಕಕ್ಷೆ ಎಂದರೆ ಎತ್ತರವಲ್ಲ, ಅಡ್ಡವೇಗ. ರಾಕೆಟ್ಟು ಮೇಲಕ್ಕೆ ಏರುವುದು ಮುಖ್ಯವಾಗಿ ಗಾಳಿಯಿಂದ ತಪ್ಪಿಸಿಕೊಳ್ಳಲು. ಅದರ ದೊಡ್ಡ ದುಡಿಮೆಯೆಲ್ಲ ಅಡ್ಡಕ್ಕೆ ಓಡುವುದರಲ್ಲಿ. 200 ಕಿಲೊಮೀಟರ್ ಎತ್ತರದಲ್ಲಿ ಬೇಕಾದ ವೇಗ ಸೆಕೆಂಡಿಗೆ 7.8 ಕಿಲೊಮೀಟರ್. ಇಲ್ಲಿಂದ ಮೈಸೂರಿಗೆ ಬಸ್ಸು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಆ ವೇಗದಲ್ಲಿ ಆರು ಸೆಕೆಂಡು ಸಾಕು.

ಅಂಥ ವೇಗ ಗಳಿಸುವುದು ಯಾಕೆ ಕಷ್ಟ ಎಂಬುದಕ್ಕೆ ಹುಣಸೂರಿನದೇ ಉದಾಹರಣೆ ಕೊಡುತ್ತೇನೆ. ಇದು ಒಂದು ಕಾಲಕ್ಕೆ ಗಾಡಿಗಳಿಗೆ ಹೆಸರಾದ ಊರು. ಫಿರಂಗಿ ಎಳೆಯುವುದಕ್ಕೆ ಹೆಸರಾಗಿದ್ದ ಅಮೃತ ಮಹಲ್ ದನಗಳ ಇಲಾಖೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಕೇಂದ್ರವಾಗಿತ್ತು. ಇಲ್ಲಿಂದ ಕಾಶಿಗೆ ಗಾಡಿ ಕಟ್ಟಿದಿರಿ ಎನ್ನಿ. ದಾರಿಯಲ್ಲಿ ಎಲ್ಲೂ ಹುಲ್ಲು ಸಿಗುವುದಿಲ್ಲ, ಎಲ್ಲವನ್ನೂ ಇಲ್ಲಿಂದಲೇ ಹೇರಿಕೊಳ್ಳಬೇಕು. ಹುಲ್ಲಿಗೆ ಇನ್ನೊಂದು ಗಾಡಿ ಬೇಕು. ಆ ಗಾಡಿಯ ಎತ್ತುಗಳಿಗೂ ಹುಲ್ಲು ಬೇಕು, ಅದಕ್ಕೆ ಮತ್ತೊಂದು ಗಾಡಿ. ಕೊನೆಗೆ ಒಬ್ಬ ಯಾತ್ರಿಕನಿಗಾಗಿ ಊರಿನ ಗಾಡಿಗಳೆಲ್ಲ ಹೊರಡಬೇಕಾಗುತ್ತದೆ. ರಾಕೆಟ್ಟಿನ ಕಥೆಯೂ ಇದೇ. ಅದು ಸುಡುವ ಇಂಧನದ ಹೆಚ್ಚಿನ ಪಾಲು, ಉಳಿದ ಇಂಧನವನ್ನು ಹೊರುವುದಕ್ಕೇ ಖರ್ಚಾಗುತ್ತದೆ. ಈ ಲೆಕ್ಕವನ್ನು ಸೂತ್ರವಾಗಿ 1903ರಲ್ಲಿ ಪ್ರಕಟಿಸಿದವನು ರಷ್ಯದ ಶಾಲಾ ಮಾಸ್ತರ ತ್ಸಿಯೋಲ್ಕೋವ್ಸ್ಕಿ. ಎಂಜಿನಿನಿಂದ ಅನಿಲ ಸೆಕೆಂಡಿಗೆ 3 ಕಿಲೊಮೀಟರ್ ವೇಗದಲ್ಲಿ ಹೊಮ್ಮಿದರೂ, ಕಕ್ಷೆ ಸೇರುವ ರಾಕೆಟ್ಟಿನ ತೂಕದಲ್ಲಿ ನೂರಕ್ಕೆ 95 ಪಾಲು ಬರೀ ಇಂಧನವಾಗಿರಬೇಕು ಎನ್ನುತ್ತದೆ ಅವನ ಸೂತ್ರ. ಉಪಾಯ ಒಂದೇ: ಹುಲ್ಲು ಮುಗಿದ ಗಾಡಿಯನ್ನು ದಾರಿಯಲ್ಲೇ ಬಿಟ್ಟು ಮುಂದೆ ಹೋಗುವುದು. ರಾಕೆಟ್ಟಿನ ಹಂತಗಳು ಎನ್ನುವುದು ಇದನ್ನೇ.

ಈಗ ನಮ್ಮ ಹಳೆಯ ರಾಕೆಟ್ಟುಗಳಿಗೆ ಬರೋಣ. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದಲ್ಲಿ ರಾಕೆಟ್ಟು ಹಾರಿಸುವ ತುಕಡಿಗಳೇ ಇದ್ದವು. ಗೇಣುದ್ದದ ಕಬ್ಬಿಣದ ಕೊಳವೆಯಲ್ಲಿ ಮದ್ದು ಗಿಡಿದು ಉದ್ದನೆಯ ಬಿದಿರಿಗೆ ಕಟ್ಟುತ್ತಿದ್ದರು. ಕಾಗದದ ಅಥವಾ ಬಿದಿರಿನ ಕೊಳವೆ ತಾಳದ ಒತ್ತಡವನ್ನು ಕಬ್ಬಿಣ ತಾಳುತ್ತಿತ್ತು. ಆದ್ದರಿಂದ ಅವು ಎರಡು ಕಿಲೊಮೀಟರಿನವರೆಗೆ ಹೋಗುತ್ತಿದ್ದವು. 1780ರಲ್ಲಿ ಪೊಳ್ಳಿಲೂರಿನಲ್ಲಿ, 1792 ಮತ್ತು 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷರು ಅವುಗಳ ಬಿಸಿ ಉಂಡರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಒಂದು ಹಳೆಯ ಬಾವಿಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕಿವೆ. ಇದು ಕಟ್ಟುಕಥೆಯಲ್ಲ, ಕೈಯಲ್ಲಿ ಹಿಡಿದು ನೋಡಬಹುದಾದ ಕಬ್ಬಿಣ.

ಹೆಮ್ಮೆ ಪಡಬೇಕಾದದ್ದೇ. ಆದರೆ ಹೆಮ್ಮೆಯ ಮಾತು ಸಾಮಾನ್ಯವಾಗಿ ಇಲ್ಲಿಗೇ ನಿಂತುಬಿಡುತ್ತದೆ. ಮುಂದೇನಾಯಿತು? 1799ರ ನಂತರ ಆ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ವಿಲಿಯಂ ಕಾಂಗ್ರೀವ್ ಅಲ್ಲಿ ತನ್ನ ರಾಕೆಟ್ಟುಗಳನ್ನು ಮಾಡಿದ. ಮದ್ದಿನ ಪ್ರಮಾಣ, ಕೊಳವೆಯ ಅಳತೆ, ಹೋದ ದೂರ ಎಲ್ಲವನ್ನೂ ಪರೀಕ್ಷಿಸಿದ, ಪುಸ್ತಕ ಬರೆದ. 1807ರಲ್ಲಿ ಇಂಗ್ಲಿಷರು ಕೋಪನ್‌ಹೇಗನ್ ನಗರದ ಮೇಲೆ ಅವುಗಳನ್ನೂ ಹಾರಿಸಿದರು. ಬೆಂಗಳೂರಿನಲ್ಲಿದ್ದ ವಿಮಾನಶಾಸ್ತ್ರಜ್ಞ ರೊದ್ದಂ ನರಸಿಂಹ 1985ರ ಉಪನ್ಯಾಸವೊಂದರಲ್ಲಿ ಮೈಸೂರಿನ ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ನಮ್ಮ ಕಮ್ಮಾರ ಕೌಶಲದಲ್ಲಿ ಕಡಿಮೆ ಇರಲಿಲ್ಲ. ಅವನ ಮೊದಲ ಕೊಳವೆಯೂ ಸಿಡಿದೇ ಇರಬೇಕು, ಎರಡನೆಯದು ಅಡ್ಡಾದಿಡ್ಡಿ ಹಾರಿರಬೇಕು. ಸಿಡಿದದ್ದರಿಂದ ಕಲಿತೇ ಅವನು ಗಟ್ಟಿ ಕೊಳವೆ ಮಾಡಿದ. ಆದರೆ ಆ ಕಲಿಕೆ ಅವನ ಕೈಯಲ್ಲಿ ಉಳಿಯಿತು, ಕಾಗದಕ್ಕೆ ಬಂದು ನಮ್ಮವರೆಗೆ ತಲುಪಲಿಲ್ಲ. ಕೈ ಹೋದಾಗ ವಿದ್ಯೆಯೂ ಹೋಯಿತು. ಬಾವಿಯಲ್ಲಿ ನಮಗೆ ಕೊಳವೆ ಸಿಕ್ಕಿತು, ಲೆಕ್ಕದ ಪುಸ್ತಕ ಸಿಗಲಿಲ್ಲ.

ಈ ಮಾತನ್ನು ನಿಂದೆಗಾಗಿ ಹೇಳುತ್ತಿಲ್ಲ. ನಮ್ಮವರೇ ಆಮೇಲೆ ಆ ಪಾಠ ಕಲಿತರು. 1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ನಮ್ಮ ಮೊದಲ ಉಪಗ್ರಹ ವಾಹನ ಎಸ್‌ಎಲ್‌ವಿ–3 ಹಾರಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಸೋರಿಕೆಯಾಗಿ, ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಅಂದು ಪತ್ರಕರ್ತರ ಮುಂದೆ ಹೊಣೆ ಹೊತ್ತು ನಿಂತವರು ಸತೀಶ್ ಧವನ್. ಸೋರಿದ್ದೆಲ್ಲಿ ಎಂದು ಹುಡುಕಿದರು, ಬರೆದಿಟ್ಟರು, ಸರಿಪಡಿಸಿದರು. ವರ್ಷ ತುಂಬುವ ಮೊದಲೇ, 1980ರ ಜುಲೈ 18ರಂದು, ಅದೇ ಬಗೆಯ ರಾಕೆಟ್ಟು ರೋಹಿಣಿಯನ್ನು ಕಕ್ಷೆಗೆ ಸೇರಿಸಿತು. ರಾಕೆಟ್ಟಿನ ತೂಕ 17 ಟನ್, ಉಪಗ್ರಹದ್ದು 35 ಕಿಲೊ. ಗಾಡಿ ಮತ್ತು ಹುಲ್ಲಿನ ಲೆಕ್ಕ ನೆನಪಿದೆಯಲ್ಲ? ಒಂದು ಕಿಲೊ ಸಾಗಿಸಲು ಸುಮಾರು 485 ಕಿಲೊ ಹೊರಡಬೇಕಾಯಿತು.

ಇನ್ನೂ ಹತ್ತಿರದ ಉದಾಹರಣೆ ಬೇಕೇ? ಕೃಷ್ಣರಾಜನಗರದಿಂದ ಹೊಳೆನರಸೀಪುರದ ಮೇಲೆ ಹಾಸನಕ್ಕೆ ಹೋದರೆ ಅಲ್ಲಿ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವಿದೆ. ಅದು ಆರಂಭವಾದದ್ದು 1982ರಲ್ಲಿ. 36,000 ಕಿಲೊಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಜೊತೆಗೇ ತಿರುಗುವ ಉಪಗ್ರಹಗಳನ್ನು ಅಲ್ಲಿಂದ ಹದ್ದುಬಸ್ತಿನಲ್ಲಿಡುತ್ತಾರೆ. ಅದೇ ವರ್ಷ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್–1ಎ ಸೆಪ್ಟೆಂಬರಿನಲ್ಲೇ ಇಂಧನ ಬರಿದಾಗಿ ಕೈಬಿಟ್ಟಿತು. ಮರುವರ್ಷದ ಇನ್ಸಾಟ್–1ಬಿ ನಿಂತಿತು, ದೇಶದ ಉದ್ದಗಲಕ್ಕೂ ದೂರದರ್ಶನ ತಲುಪಿಸಿತು. 2013ರ ನವೆಂಬರ್ 11ರಂದು ಮಂಗಳಯಾನದ ಕಕ್ಷೆ ಎತ್ತರಿಸುವಾಗ ಸೆಕೆಂಡಿಗೆ 130 ಮೀಟರ್ ವೇಗ ಸೇರಬೇಕಿದ್ದಲ್ಲಿ 35 ಮಾತ್ರ ಸೇರಿತು. ಬೆಂಗಳೂರಿನಲ್ಲಿ ಕುಳಿತವರು ಕೊರತೆಯನ್ನು ಲೆಕ್ಕ ಹಾಕಿ ಮರುದಿನವೇ ತುಂಬಿದರು. 2014ರ ಸೆಪ್ಟೆಂಬರ್ 24ರಂದು ನೌಕೆ ಮಂಗಳನ ಕಕ್ಷೆ ಸೇರಿತು.

ಮತ್ತೆ ಮೊಮ್ಮಗಳ ಬಳಿಗೆ. ನಾನು ಅವಳಿಗೆ ಉತ್ತರ ಹೇಳಲಿಲ್ಲ, ಒಂದು ಹಳೆಯ ನೋಟ್‌ಬುಕ್ ಕೊಟ್ಟೆ. 'ಪ್ರತಿ ಸಲ ಏನು ಕಟ್ಟಿದೆ, ಯಾವಾಗ ಬಿತ್ತು, ಯಾಕೆ ಬಿತ್ತು ಅಂತ ಬರಿ' ಎಂದೆ. ಹನ್ನೊಂದನೆಯ ಸಲಕ್ಕೆ ಅವಳೇ ಕಂಡುಕೊಂಡಳು. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಮೂತಿಯನ್ನು ಪೂರ್ವಕ್ಕೆ ಮೆಲ್ಲಗೆ ಬಾಗಿಸಬೇಕು. ಎಂಜಿನ್ ಆರಿಸಿ, ದಾರಿಯ ತುತ್ತತುದಿಗೆ ತೇಲಿಕೊಂಡು ಹೋಗಬೇಕು. ಅಲ್ಲಿ ಮತ್ತೆ ಎಂಜಿನ್ ಹೊತ್ತಿಸಿ ಪೂರಾ ಅಡ್ಡಕ್ಕೆ ನೂಕಬೇಕು. ಆಗ ನೆಲಕ್ಕೆ ತಾಗುತ್ತಿದ್ದ ದಾರಿ ಗ್ರಹದ ಆಚೆ ಬದಿಯಲ್ಲಿ ಮೇಲೆದ್ದು ಉಂಗುರವಾಗುತ್ತದೆ. ಪೂರ್ವಕ್ಕೇ ಯಾಕೆ? ಗ್ರಹ ಅತ್ತ ತಿರುಗುವ ವೇಗ ಪುಕ್ಕಟೆ ಸಿಗುತ್ತದೆ. ಶ್ರೀಹರಿಕೋಟೆ ಪೂರ್ವ ಕರಾವಳಿಯಲ್ಲಿ ಇರುವುದಕ್ಕೆ ಇದೂ ಒಂದು ಕಾರಣ.

ಆಟ ಆಟವೇ, ಮರೆಯಬಾರದು. ಅದರ ಗ್ರಹ ನಮ್ಮ ಭೂಮಿಯ ಹತ್ತನೆಯ ಒಂದು ಭಾಗದಷ್ಟು ಅಗಲ; ಅಲ್ಲಿ ಕಕ್ಷೆಗೆ ಸೆಕೆಂಡಿಗೆ 2.3 ಕಿಲೊಮೀಟರ್ ಸಾಕು. ಅಲ್ಲಿ ಬಿದ್ದರೆ ಯಾರಿಗೂ ನೋವಿಲ್ಲ, ಬೊಕ್ಕಸಕ್ಕೂ ನಷ್ಟವಿಲ್ಲ. ಅದರ ದೊಡ್ಡ ಗುಣವೂ ಅದೇ. ಪರೀಕ್ಷೆಯಲ್ಲಿ ಒಂದು ಸಲ ಬಿದ್ದರೆ ತಲೆ ತಗ್ಗಿಸುವ ನಮ್ಮ ಮಕ್ಕಳಿಗೆ, ಹತ್ತು ಸಲ ಬೀಳುವ ಹಕ್ಕನ್ನು ಅದು ಕೊಡುತ್ತದೆ.

ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಅಂಥ ಕಂಪ್ಯೂಟರ್ ಇಲ್ಲ ಎಂದು ಬಲ್ಲೆ. ಪರವಾಗಿಲ್ಲ. ಒಂದು ದಾರ ಕಟ್ಟಿ, ಅದಕ್ಕೆ ಕೊಳವೆ ಪೋಣಿಸಿ, ಊದಿದ ಬಲೂನು ಅಂಟಿಸಿ ಬಿಡಿ. ಎಷ್ಟು ದೂರ ಹೋಯಿತು ಅಳೆಯಿರಿ. ಸಣ್ಣ ಕಲ್ಲು ಕಟ್ಟಿ ಮತ್ತೆ ಬಿಡಿ, ಮತ್ತೆ ಅಳೆಯಿರಿ. ತ್ಸಿಯೋಲ್ಕೋವ್ಸ್ಕಿ ಹೇಳಿದ ತೂಕದ ಕಷ್ಟ ಆ ದಾರದ ಮೇಲೆಯೇ ಕಾಣುತ್ತದೆ. ಆದರೆ ಅಳೆದದ್ದನ್ನು ಬರೆಯಿರಿ. ಬಿದ್ದದ್ದನ್ನು ಮೊದಲು ಬರೆಯಿರಿ.

ಮೇಷ್ಟ್ರು ಹೆಮ್ಮೆ ಬರುವ ಹಾಗೆ ಮಾತಾಡಿ ಎಂದಿದ್ದರು. ನಗರದ ಬಾವಿಯ ಕಬ್ಬಿಣ ನಮ್ಮ ಹಿರಿಯರ ಹೆಮ್ಮೆ. ಅವರು ಬರೆದಿಡದ ಪುಸ್ತಕವನ್ನು ನೀವು ಬರೆದರೆ, ಅದು ನಿಮ್ಮದು.